ಕರುಣೆಯ ನಾಯಕತ್ವ: ಗುಣದಿಂದ ವ್ಯವಸ್ಥೆಯವರೆಗೆ

ಮೇಲಿನವರಿಗೆ ಕರುಣೆ ಇರಬೇಕು ಎಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಕೆಲಸದ ಜಾಗದಲ್ಲಿ ಕರುಣೆ ಹೇಗೆ ಹುಟ್ಟುತ್ತದೆ, ಏಕೆ ಬತ್ತಿಹೋಗುತ್ತದೆ ಎಂಬುದು ಅಧ್ಯಯನದ ವಿಷಯವಾಗಿ ರೂಪುಗೊಂಡದ್ದು ಈಚಿನ ಎರಡು ಮೂರು ದಶಕಗಳಲ್ಲಿ. ಅಷ್ಟರಲ್ಲೇ ಆ ಕ್ಷೇತ್ರದ ಮೂಲ ಪ್ರಶ್ನೆ ಬದಲಾಗಿದೆ. ಮೊದಲು ನಾಯಕನ ಮನಸ್ಸು ಎಂಥದು ಎಂದು ಕೇಳುತ್ತಿದ್ದರು. ಈಗ ಅವನು ನಡೆಸುವ ವ್ಯವಸ್ಥೆ ಎಂಥದು ಎಂದು ಕೇಳುತ್ತಾರೆ.

ವಿಚಾರವೇನೋ ಹಳೆಯದು. ಕಳಿಂಗ ಯುದ್ಧದ ನಂತರ ಅಶೋಕ ಮಹಾಮಾತ್ರರೆಂಬ ತನ್ನ ಅಧಿಕಾರಿಗಳಿಗೆ ಬರೆಸಿದ ಎರಡು ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ, ಜೌಗಡಗಳಲ್ಲಿವೆ. ಅವುಗಳ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಜನರೆಲ್ಲ ನನ್ನ ಮಕ್ಕಳು ಎಂದಷ್ಟೇ ಹೇಳಿ ಅಶೋಕ ಸುಮ್ಮನಾಗುವುದಿಲ್ಲ. ಯಾರಿಗೂ ವಿನಾಕಾರಣ ಸೆರೆಯಾಗಬಾರದು ಎನ್ನುತ್ತಾನೆ. ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನಗಳ ಜೊತೆಗೆ ಆಯಾಸವೂ ಅಧಿಕಾರಿಯನ್ನು ನ್ಯಾಯದಿಂದ ತಪ್ಪಿಸುತ್ತದೆ ಎಂದು ಎಚ್ಚರಿಸುತ್ತಾನೆ. ಐದು ವರ್ಷಕ್ಕೊಮ್ಮೆ ಕಠೋರನಲ್ಲದ ಅಧಿಕಾರಿಯನ್ನು ತಪಾಸಣೆಗೆ ಕಳಿಸುತ್ತೇನೆಂದೂ ಸೇರಿಸುತ್ತಾನೆ. ಉಪದೇಶದ ಬೆನ್ನಿಗೇ ಮೇಲ್ವಿಚಾರಣೆಯನ್ನೂ ಇಟ್ಟದ್ದು ಇಲ್ಲಿನ ವಿಶೇಷ.

ಆಧುನಿಕ ನಿರ್ವಹಣಾ ಶಾಸ್ತ್ರ ಶುರುವಾದದ್ದು ಬೇರೆಯೇ ದಾರಿಯಲ್ಲಿ. 1911ರಲ್ಲಿ ಬಂದ ಫ್ರೆಡರಿಕ್ ಟೇಲರ್ ಅವರ ಪುಸ್ತಕದಲ್ಲಿ ಕೆಲಸಗಾರನೆಂದರೆ ಅಳೆಯಬಹುದಾದ ಚಲನೆ ಮತ್ತು ಸಮಯ. ಎಟಿ ಅಂಡ್ ಟಿ ಕಂಪನಿಯಲ್ಲಿ ದಶಕಗಳ ಕಾಲ ದುಡಿದ ರಾಬರ್ಟ್ ಗ್ರೀನ್‌ಲೀಫ್, ನಾಯಕ ಮೊದಲು ಸೇವಕನಾಗಬೇಕು ಎಂದು 1970ರಲ್ಲಿ ಬರೆದಾಗ ಚರ್ಚೆಯ ದಿಕ್ಕು ಬದಲಾಯಿತು. 1983ರಲ್ಲಿ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಿಕೆಯರ ನಗುವನ್ನು ಅಧ್ಯಯನ ಮಾಡಿ, ಭಾವನೆಯನ್ನು ಹತ್ತಿಕ್ಕುವುದೂ ತೋರಿಸುವುದೂ ದುಡಿಮೆಯೇ, ಅದಕ್ಕೂ ಬೆಲೆ ತೆರಬೇಕಾಗುತ್ತದೆ ಎಂದು ತೋರಿಸಿಕೊಟ್ಟರು.

ಕರುಣೆಯನ್ನೇ ನೇರವಾಗಿ ಕೈಗೆತ್ತಿಕೊಂಡವರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಫ್ರಾಸ್ಟ್. ಸ್ವತಃ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದ ಅವರು, ಸಂಸ್ಥೆಗಳಲ್ಲಿ ಕರುಣೆ ಏಕೆ ಲೆಕ್ಕಕ್ಕೆ ಬರಬೇಕು ಎಂಬ ಪ್ರಬಂಧವನ್ನು 1999ರಲ್ಲಿ ಪ್ರಕಟಿಸಿದರು. ಪ್ರತಿ ಕಚೇರಿಯಲ್ಲೂ ಬೇರೆಯವರ ನೋವನ್ನು ಕೇಳಿಸಿಕೊಂಡು, ಮೇಲಿನವರ ಸಿಟ್ಟು ಕೆಳಗಿನವರಿಗೆ ತಗಲದಂತೆ ನೋಡಿಕೊಳ್ಳುವ ಕೆಲವರಿರುತ್ತಾರೆ. ಅವರ ಕೆಲಸ ಯಾವ ದಾಖಲೆಯಲ್ಲೂ ಬರುವುದಿಲ್ಲ, ಕೊನೆಗೆ ಕಾಯಿಲೆ ಬೀಳುವವರೂ ಅವರೇ ಎಂದು ಫ್ರಾಸ್ಟ್ ಗಮನಿಸಿದರು.

2001ರ ಸೆಪ್ಟೆಂಬರ್ 11ರ ದಾಳಿ ಈ ಅಧ್ಯಯನಕ್ಕೆ ತುರ್ತು ತಂದಿತು. ಮಿಶಿಗನ್ ವಿಶ್ವವಿದ್ಯಾಲಯದ ಜೇನ್ ಡಟನ್, ಫ್ರಾಸ್ಟ್ ಮತ್ತು ಸಂಗಡಿಗರು 2002ರ ಲೇಖನವೊಂದರಲ್ಲಿ ಟಿಜೆಎಕ್ಸ್ ಕಂಪನಿಯ ನಡೆಯನ್ನು ವಿವರಿಸಿದರು. ಅಪಹೃತ ವಿಮಾನದಲ್ಲಿ ಈ ಕಂಪನಿಯ ಏಳು ಸಿಬ್ಬಂದಿ ಸತ್ತಿದ್ದರು. ಮುಖ್ಯಸ್ಥ ಎಡ್ಮಂಡ್ ಇಂಗ್ಲಿಷ್ ಎಲ್ಲರನ್ನೂ ಸೇರಿಸಿ ತಾವೇ ಆ ಹೆಸರುಗಳನ್ನು ತಿಳಿಸಿದರು, ಆಪ್ತ ಸಮಾಲೋಚಕರನ್ನು ಕರೆಸಿದರು, ಹೊರದೇಶಗಳಲ್ಲಿದ್ದ ಸಂಬಂಧಿಕರನ್ನು ಕರೆತರಲು ವಿಮಾನ ಗೊತ್ತುಮಾಡಿದರು. ಸಂಸ್ಥೆಯ ಹಣ, ವಾಹನ, ಸಮಯ ಎಲ್ಲವೂ ದುಃಖದಲ್ಲಿದ್ದವರ ಕಡೆ ತಿರುಗಿದ್ದೇ ಅಲ್ಲಿನ ಪಾಠ. ಮುಂದೆ ಇದೇ ಗುಂಪು ಕರುಣೆಯನ್ನು ಮೂರು ಹಂತವಾಗಿ ಬಿಡಿಸಿತು: ನೋವನ್ನು ಗಮನಿಸುವುದು, ಅದಕ್ಕೆ ಮಿಡಿಯುವುದು, ಏನಾದರೂ ಮಾಡುವುದು. ಮೂರನೆಯದಿಲ್ಲದಿದ್ದರೆ ಮೊದಲೆರಡು ಬರೀ ಅನುಕಂಪ.

ಗಮನಿಸಲು ಪುರುಸೊತ್ತೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಸಾಕ್ಷಿಯಾಯಿತು. ಅಲ್ಲಿ ರೋಗಿಗಳು ಕೊಳೆ ಹಾಸಿಗೆಯಲ್ಲೇ ಬಿದ್ದಿದ್ದರು, ಕುಡಿಯುವ ನೀರು ಅವರ ಕೈಗೆ ಎಟುಕುತ್ತಿರಲಿಲ್ಲ. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ವಿಚಾರಣೆ 2013ರಲ್ಲಿ 290 ಶಿಫಾರಸುಗಳನ್ನು ಮಾಡಿತು. ದಾದಿಯರ ಮನಸ್ಸು ಕಲ್ಲಾಗಿತ್ತು ಎಂದಷ್ಟೇ ಹೇಳಿ ಮುಗಿಸುವ ಪ್ರಕರಣ ಅದಾಗಿರಲಿಲ್ಲ. ಆಡಳಿತ ಮಂಡಳಿ ಖರ್ಚು ಇಳಿಸಲು ಸಿಬ್ಬಂದಿಯನ್ನು ಕಡಿತಗೊಳಿಸಿ, ಹಣಕಾಸಿನ ಗುರಿಗಳ ಬೆನ್ನುಹತ್ತಿತ್ತು. ಇದಾದ ಮೇಲೆ ಸಂಶೋಧಕ ಮೈಕೆಲ್ ವೆಸ್ಟ್ ಮತ್ತಿತರರು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಕರುಣೆಯ ನಾಯಕತ್ವವನ್ನು ನೀತಿಯ ಮಟ್ಟಕ್ಕೆ ಕೊಂಡೊಯ್ದರು: ಗಮನ ಕೊಡು, ಅರ್ಥ ಮಾಡಿಕೋ, ಮಿಡಿ, ನೆರವಾಗು.

ನೀತಿ ಆಚರಣೆಗೆ ಬಂದದ್ದು ಸಣ್ಣ ಸಣ್ಣ ಏರ್ಪಾಟುಗಳಲ್ಲಿ. ಶ್ವಾಸಕೋಶದ ಕ್ಯಾನ್ಸರ್‌ನಿಂದ 1995ರಲ್ಲಿ ತೀರಿಕೊಂಡ ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಹೆಸರಿನ ಕೂಟ ಅಂಥದೊಂದು. ವೈದ್ಯರು, ದಾದಿಯರು, ಗುಮಾಸ್ತರು ಎಲ್ಲ ಒಟ್ಟಿಗೆ ಒಂದು ಗಂಟೆ ಕೂರುತ್ತಾರೆ. ಮೂರು ನಾಲ್ಕು ಮಂದಿ ತಮ್ಮನ್ನು ಕಾಡಿದ ಒಂದು ಪ್ರಸಂಗ ಹೇಳಿಕೊಳ್ಳುತ್ತಾರೆ. ಚಿಕಿತ್ಸೆ ಸರಿಯಿತ್ತೇ ಎಂಬ ವಿಮರ್ಶೆ ಅಲ್ಲಿಲ್ಲ, ಯಾರೂ ಪರಿಹಾರ ಸೂಚಿಸುವಂತಿಲ್ಲ. ಹಿರಿಯ ವೈದ್ಯರೇ ತಮಗೂ ಅಂದು ಕೈಕಾಲು ಆಡಲಿಲ್ಲ ಎಂದಾಗ ಕಿರಿಯರಿಗೂ ಬಾಯಿಬಿಡಲು ಧೈರ್ಯ ಬರುತ್ತದೆ.

ಟೀಕೆಗಳೂ ಬಂದವು. ಪರರ ನೋವಿಗೆ ಬರೀ ಮಿಡಿಯುವುದು ದಾರಿ ತಪ್ಪಿಸುತ್ತದೆ, ಎದುರಿಗಿರುವ ಒಬ್ಬನಿಗಾಗಿ ಕಣ್ಣಿಗೆ ಬೀಳದ ನೂರು ಮಂದಿಯನ್ನು ಮರೆಸುತ್ತದೆ ಎಂದು ಮನೋವಿಜ್ಞಾನಿ ಪಾಲ್ ಬ್ಲೂಮ್ 2016ರಲ್ಲಿ ವಾದಿಸಿದರು. ಇನ್ನೊಬ್ಬರ ಯಾತನೆಯನ್ನು ತನ್ನದೆಂದು ಅನುಭವಿಸುವುದು ಜನರನ್ನು ಕುಗ್ಗಿಸುತ್ತದೆ, ನೆರವಾಗಬೇಕೆಂಬ ಕರುಣೆಯನ್ನು ಅಭ್ಯಾಸ ಮಾಡಿದರೆ ಆ ಕುಗ್ಗುವಿಕೆ ತಗ್ಗುತ್ತದೆ ಎಂದು ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಅವರ ಮಿದುಳಿನ ಅಧ್ಯಯನಗಳು ಸೂಚಿಸಿದವು.

ಮಿಡಿತ ಕ್ರಿಯೆಯಾಗಿ ಮುಂದುವರಿದ ಉದಾಹರಣೆ ರಾಜಕಾರಣದಲ್ಲೂ ಇದೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ನಡೆದ ಗುಂಡಿನ ದಾಳಿ 51 ಜನರನ್ನು ಬಲಿ ತೆಗೆದುಕೊಂಡಿತು. ಪ್ರಧಾನಿ ಜಸಿಂಡಾ ಆರ್ಡರ್ನ್ ತಲೆಗೆ ವಸ್ತ್ರ ಹೊದ್ದು ಸಂತ್ರಸ್ತರನ್ನು ಅಪ್ಪಿಕೊಂಡ ಚಿತ್ರ ಜಗತ್ತೆಲ್ಲ ಓಡಾಡಿತು. ಅದಕ್ಕಿಂತ ದೊಡ್ಡದು, ತಿಂಗಳೊಳಗೇ ಬಹುಪಾಲು ಅರೆ ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿದ ಕಾನೂನು. ಅದೇ ಆರ್ಡರ್ನ್ 2023ರಲ್ಲಿ, ಮುಂದುವರಿಯುವಷ್ಟು ಶಕ್ತಿ ತನ್ನಲ್ಲಿ ಉಳಿದಿಲ್ಲವೆಂದು ಅಧಿಕಾರ ಬಿಟ್ಟರು. ಕರುಣೆಯ ಹೊರೆಯನ್ನು ಒಬ್ಬರ ತಲೆಗೇ ಕಟ್ಟಬಾರದೆಂಬ ವಾದಕ್ಕೆ ಇದು ಬಲ ಕೊಡುತ್ತದೆ.

ಕೋವಿಡ್ ಕಾಲದ ಅನುಭವ ನಮ್ಮಲ್ಲೇ ಇದೆ. 2020ರ ಮಾರ್ಚ್‌ನಲ್ಲಿ ದೇಶವೇ ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿತು. ಜುಲೈ ಹೊತ್ತಿಗೆ ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸ ಬಹಿಷ್ಕರಿಸಿ, ತಿಂಗಳಿಗೆ 12 ಸಾವಿರ ರೂಪಾಯಿ ನಿಶ್ಚಿತ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಬೇಕಾಯಿತು. ಡಟನ್ ತಂಡದ ಮೂರು ಹಂತಗಳಲ್ಲಿ ಇಲ್ಲಿ ಕೊರತೆ ಬಿದ್ದದ್ದು ಕೊನೆಯದು.

ಅನಿಶ್ಚಿತ ಕಾಲದಲ್ಲಿ ನಾಯಕನೊಬ್ಬ ಎಲ್ಲರ ಕೆಲಸ ಉಳಿಸುತ್ತೇನೆಂದು ಮಾತು ಕೊಡಲಾರ. ಕೆಲವೊಮ್ಮೆ ಕಹಿ ಸುದ್ದಿಯನ್ನು ತಾನೇ ಹೇಳಬೇಕಾಗುತ್ತದೆ. ಈವರೆಗಿನ ಅಧ್ಯಯನಗಳ ಬೆಳಕಿನಲ್ಲಿ ಅವನ ಕರುಣೆಯನ್ನು ಭಾಷಣದಿಂದ ಅಳೆಯುವಂತಿಲ್ಲ. ಕಷ್ಟ ಹೇಳಿಕೊಂಡವರಿಗೆ ಮರುದಿನ ಏನಾಯಿತು ಎಂದು ನೋಡಬೇಕು: ರಜೆ ಮಂಜೂರಾಯಿತೇ, ಪಾಳಿ ಬದಲಾಯಿತೇ, ಖಾಲಿ ಹುದ್ದೆ ತುಂಬಿತೇ, ಅಥವಾ ಬಾಯಿಬಿಟ್ಟ ತಪ್ಪಿಗೆ ವರ್ಗಾವಣೆ ಆಯಿತೇ?