ಬೆಳಗಾವಿಯಿಂದ ಹೊರಟ ಒಂದು ಅಳತೆ

ನಮ್ಮ ಆಯಿಗೆ ಈಗ ಎಂಬತ್ತು ದಾಟಿದೆ. ಆಯಿ ಅಂದರೆ ಅಜ್ಜಿ, ನಮ್ಮ ಬೆಳಗಾವಿ ಕಡೆಯ ಮಾತು. ಅರವತ್ತರ ದಶಕದಲ್ಲಿ ಗೋಕಾಕ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವರ ತಂಗಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡರು. ಮನೆಯಲ್ಲಿ ಎಲ್ಲರೂ ಹೇಳುವುದು, ಬಾಣಂತಿಗೆ ಗಾಳಿ ಸೋಕಿತು ಅಂತ. ಆಯಿ ಮಾತ್ರ ಬೇರೆಯೇ ಹೇಳುತ್ತಾರೆ. ಕೂಸು ಹುಟ್ಟಿತು, ಅತ್ತಿತು, ಮಾಸು ಬಿತ್ತು, ಸೂಲಗಿತ್ತಿ ಕೈ ತೊಳೆದುಕೊಂಡಳು. ಆಮೇಲೆ ಮೂರು ಸೀರೆ ತೊಯ್ದವು.

ನನ್ನ ಮಗಳು ಹುಟ್ಟುವ ತನಕ ಈ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ನನಗೆ ಕಣ್ಣು ಕತ್ತಲೆ ಬಂತು. "ಎಲ್ಲಾ ನಾರ್ಮಲ್, ಸ್ವಲ್ಪ ಬ್ಲೀಡಿಂಗ್ ಎಲ್ಲರಿಗೂ ಆಗುತ್ತೆ" ಅಂದರು. ಮರುದಿನ ಹಿಮೋಗ್ಲೋಬಿನ್ ನೋಡಿ ಅವರೇ ಗಾಬರಿಯಾದರು, ರಕ್ತ ಹಾಕಿದರು. ಸನತ್‌ನಗರದ ಮನೆಗೆ ಬಂದ ಮೇಲೆ, ಬಾಣಂತನದ ರಾತ್ರಿಗಳಲ್ಲಿ ಮಗುವಿಗೆ ಹಾಲು ಕೊಡುತ್ತಾ ಫೋನಿನಲ್ಲಿ ಹುಡುಕತೊಡಗಿದೆ. 'ಸ್ವಲ್ಪ' ಅಂದರೆ ಎಷ್ಟು? ಯಾರು ಅಳೆದರು? ಹುಡುಕುತ್ತಾ ಹೋದರೆ ಉತ್ತರ ನನ್ನ ಜಿಲ್ಲೆಯಲ್ಲೇ ಸಿಕ್ಕಿತು.

ಮೊದಲು ಒಂದು ಮಾತು. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಮೇಲೆ ಗರ್ಭಕೋಶ ಮುಷ್ಟಿ ಹಿಡಿದಂತೆ ಬಿಗಿಯಬೇಕು, ಆಗ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಬಿಗಿಯದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಮೊದಲೇ ರಕ್ತಹೀನತೆ ಇದ್ದವರಿಗೆ ಆ ಎರಡು ಗಂಟೆಯೂ ಇರುವುದಿಲ್ಲ. ನಮ್ಮ ದೇಶದಲ್ಲಿ ಅಂಥ ಗರ್ಭಿಣಿಯರು 52.2%, ಇದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ.

ಬಿಗಿಯುವಂತೆ ಮಾಡುವ ಔಷಧ ಆಕ್ಸಿಟೋಸಿನ್ ಬಹಳ ಹಿಂದಿನಿಂದಲೂ ಇದೆ. ಆದರೆ ಅದು ಚುಚ್ಚುಮದ್ದು, ಫ್ರಿಜ್ಜಿನಲ್ಲಿಡಬೇಕು. ಕರೆಂಟೇ ಸರಿಯಾಗಿ ಇರದ ಹಳ್ಳಿಯಲ್ಲಿ, ಮನೆಯಲ್ಲೇ ಆಗುವ ಹೆರಿಗೆಗೆ ಅದನ್ನು ತಲುಪಿಸುವುದು ಹೇಗೆ? ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡ ಇದನ್ನೇ ಕೈಗೆತ್ತಿಕೊಂಡಿತು. ಅವರು ಆರಿಸಿಕೊಂಡದ್ದು ಮಿಸೋಪ್ರೊಸ್ಟಾಲ್, ಮೂಲದಲ್ಲಿ ಹೊಟ್ಟೆ ಹುಣ್ಣಿನ ಮಾತ್ರೆ. ಅಗ್ಗ, ಫ್ರಿಜ್ಜು ಬೇಡ, ನುಂಗಿದರಾಯಿತು.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ಹೆಂಗಸರು ಈ ಪ್ರಯೋಗಕ್ಕೆ ಒಪ್ಪಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ಎಎನ್‌ಎಂಗಳು. ಮಾತ್ರೆ ಕೊಟ್ಟವರೂ ರಕ್ತ ಅಳೆದವರೂ ಅವರೇ. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಅದೇ ರೂಪದ ಸಪ್ಪೆ ಮಾತ್ರೆ. ಔಷಧ ಪಡೆದವರಲ್ಲಿ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದದ್ದು 6.4% ಜನರಿಗೆ, ಉಳಿದವರಲ್ಲಿ 12%. ಒಂದು ಲೀಟರು ಮುಟ್ಟಿದವರು 0.2%, ಅತ್ತ 1.2%. ಚಳಿ ನಡುಕ, ಸ್ವಲ್ಪ ಜ್ವರ ಬಂತು, ಹೋಯಿತು. ಸಪ್ಪೆ ಮಾತ್ರೆಯ ಗುಂಪಿನ ಬಗ್ಗೆ ಓದುವಾಗ ನನಗೆ ಕಸಿವಿಸಿಯಾದದ್ದು ನಿಜ. ಆಗ ಆ ಹಳ್ಳಿಗಳ ಹೆರಿಗೆಗಳಲ್ಲಿ ಬೇರೆ ಔಷಧ ಕೊಡುವ ರೂಢಿ ಇರಲಿಲ್ಲ ಎಂಬುದು ಸಮಾಧಾನವೋ ಆರೋಪವೋ, ನೀವೇ ಹೇಳಿ. 2006ರಲ್ಲಿ ಈ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯುವುದಕ್ಕೆಂದೇ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರೆಗಿಂತ ಆ ಎಎನ್‌ಎಂಗಳ ಕೈಯಲ್ಲಿದ್ದ ಅಳತೆಯ ಸಾಧನ. ಒಂದು ಪ್ಲಾಸ್ಟಿಕ್ ಹಾಳೆ, ಸೊಂಟಕ್ಕೆ ಕಟ್ಟಲು ಎರಡು ದಾರ, ಕೆಳಗೆ ಆಲಿಕೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಈ ಪ್ರಯೋಗಕ್ಕಾಗಿಯೇ ಮಾಡಿದ್ದು. ಮಾಡಿದವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ 'ಬ್ರಾಸ್-ವಿ' ಎಂದು ಕರೆದರು. ಚೀಲದ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು 33% ಕಡಿಮೆ ಬಂತು. ಅಂದರೆ 600 ಮಿಲಿಲೀಟರ್ ಹೋಗಿದ್ದರೆ ನೋಡಿದವರು 400 ಅನ್ನುತ್ತಾರೆ, ನಾರ್ಮಲ್ ಅಂತ ಬರೆಯುತ್ತಾರೆ. ನನ್ನ ಕೆಲಸ ಸರ್ವರ್‌ಗಳ ಮೇಲೆ ಕಣ್ಣಿಡುವುದು. ಮಿತಿ ದಾಟಿದರೆ ಅಲರ್ಟ್ ಬರಬೇಕು. ಮೀಟರೇ ಸುಳ್ಳು ಹೇಳಿದರೆ ಎಂಥ ಅಲರ್ಟು?

ಅಂಥದೇ ಚೀಲ ಮುಂದೆ ಆಫ್ರಿಕಾಕ್ಕೂ ಹೋಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ 'ಇ-ಮೋಟಿವ್' ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಚೀಲ ಕಟ್ಟಿ ಅಳೆಯುವುದು, ಮಿತಿ ಮುಟ್ಟಿದ ಕೂಡಲೇ ಹೊಟ್ಟೆ ನೀವುವುದು, ಔಷಧ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಮಾಡುವುದು, ಇಷ್ಟೇ ಅದರ ಉಪಾಯ. ಹಳೆಯ ಪದ್ಧತಿಯಲ್ಲಿ ಅತಿ ರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಗೊತ್ತಾಗುತ್ತಿದ್ದವು. ಚೀಲ ಬಂದ ಮೇಲೆ 93% ಗೊತ್ತಾದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಇವೆಲ್ಲ ಸೇರಿ 4.3% ಇದ್ದದ್ದು 1.6%ಕ್ಕೆ ಇಳಿಯಿತು.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ನಮ್ಮ ತೆಲಂಗಾಣದಲ್ಲಿ ಆಗ 43. ಇದನ್ನೆಲ್ಲ ಚೀಲದ ಲೆಕ್ಕಕ್ಕೆ ಬರೆಯಲಾಗದು. ಜನ ಆಸ್ಪತ್ರೆಗೆ ಹೋಗತೊಡಗಿದರು, ರಕ್ತ ಸಿಗತೊಡಗಿತು. 2005ರಲ್ಲಿ ಹೈದರಾಬಾದಿನಲ್ಲೇ ಶುರುವಾದ 108 ಆಂಬುಲೆನ್ಸ್ 2008ಕ್ಕೆ ಕರ್ನಾಟಕಕ್ಕೂ ಬಂತು. ಆದರೂ 69 ಅಂದರೆ 69 ಮನೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆಯಿಗೆ ಚೀಲದ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಐದುನೂರು ಅಂದ್ರ ಎಷ್ಟವಾ?"

"ಅರ್ಧಾ ಲೀಟರ್ ಆಯಿ. ಹಾಲಿನ ಪಾಕೀಟು ಇರತದಲ್ಲ, ಅಷ್ಟು."

ಫೋನು ನನ್ನ ಕೈಗೆ ಕೊಟ್ಟರು. "ಹಂಗಾದ್ರ ಎರಡನೇ ಸೀರಿ ಹಾಕೋದ್ರಾಗನ ಅದು ದಾಟಿತ್ತು" ಅಂದರು.