ಮನೆಯಲ್ಲಿ ಬಿಯರ್ ತಯಾರಿ: ವಿಧಾನ ಸುಲಭ, ಕಾನೂನು ಕಠಿಣ

ಬಿಯರ್ ಜೊತೆ ಬೆಂಗಳೂರಿನ ನಂಟು ಶತಮಾನಕ್ಕೂ ಹಳೆಯದು. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಕಾರ್ಖಾನೆಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ್ದು 1915ರಲ್ಲಿ. ನಗರದ ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ ಇಂದು ಯುಬಿ ಸಿಟಿ ನಿಂತಿದೆ. 2011ರ ಹೊತ್ತಿಗೆ ಪಬ್‌ಗಳೇ ತಾಜಾ ಬಿಯರ್ ತಯಾರಿಸಿ ಬಡಿಸತೊಡಗಿದವು. ಅದನ್ನೇ ಉಲ್ಲಾಳದಲ್ಲೋ ವಿಜಯನಗರದಲ್ಲೋ ಅಡುಗೆಮನೆಯಲ್ಲಿ ಮಾಡಬಹುದೇ?

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ತಯಾರಿಕೆಯ ಉದ್ದೇಶಕ್ಕೆ ಸಲಕರಣೆ ಇಟ್ಟುಕೊಳ್ಳುವಂತೆಯೂ ಇಲ್ಲ. 'ಮಾರಾಟಕ್ಕಲ್ಲ, ಸ್ವಂತಕ್ಕೆ' ಎಂಬ ಸಮಜಾಯಿಷಿಯಿಂದ ಅಪರಾಧ ತಪ್ಪದು. ಹುದುಗಿಸಿದ ಬಿಯರಿಗೂ ಭಟ್ಟಿ ಇಳಿಸಿದ ಸಾರಾಯಿಗೂ ಅಜಗಜಾಂತರವಿದೆ. ಕಳ್ಳಬಟ್ಟಿಯ ದುರಂತಗಳಿಗೆ ಹೆಚ್ಚಾಗಿ ಕಾರಣವಾಗುವುದು ಅದಕ್ಕೆ ಬೆರೆಸುವ ಮೀಥೈಲ್ ಆಲ್ಕೋಹಾಲ್. ಬಾರ್ಲಿಯ ಹುದುಗಿನಲ್ಲಿ ಆ ಭಯವಿಲ್ಲ. ಆದರೂ ಪರವಾನಗಿ ಇಲ್ಲದಿದ್ದರೆ ಎರಡೂ ಅಪರಾಧವೇ. ಹವ್ಯಾಸಿಗಳು ಮೊದಲು ಅರಿಯಬೇಕಾದದ್ದು ಇದನ್ನು.

ಬಿಯರಿನ ಮೂಲದ್ರವ್ಯಗಳು ನಾಲ್ಕು: ನೀರು, ಮಾಲ್ಟ್, ಹಾಪ್ಸ್ ಹೂವು, ಯೀಸ್ಟ್. ಮಾಲ್ಟ್ ಎಂದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ರಾಗಿಮಾಲ್ಟ್ ಮಾಡುವ ಮನೆಗಳಿಗೆ ಈ ಕ್ರಮ ಹೊಸದೇನಲ್ಲ. ಒಡೆದ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಸಿಹಿರಸಕ್ಕೆ ಹಾಪ್ಸ್ ಸೇರಿಸಿ ಮತ್ತೊಂದು ಗಂಟೆ ಕುದಿಸಲಾಗುತ್ತದೆ. ಕಹಿ ಮತ್ತು ಪರಿಮಳ ಬರುವುದು ಇದರಿಂದ. ಆರಿಸಿದ ಮೇಲೆ ಯೀಸ್ಟ್ ಬೆರೆಸಿದರೆ ಒಂದೆರಡು ವಾರಗಳಲ್ಲಿ ಹುದುಗು ಮುಗಿಯುತ್ತದೆ. 'ಏಲ್' ಬಗೆಗೆ 18ರಿಂದ 22 ಡಿಗ್ರಿ ಹಿತ. ಬೆಂಗಳೂರಿನ ಚಳಿಗಾಲದ ಕೋಣೆ ಅದಕ್ಕೆ ಹತ್ತಿರ. ಏಪ್ರಿಲ್‌ನ ಸೆಕೆಯಲ್ಲಿ ರುಚಿ ಕೆಡುವುದು ಖಚಿತ. 'ಲಾಗರ್'ಗೆ 8ರಿಂದ 12 ಡಿಗ್ರಿ ಬೇಕಾದ್ದರಿಂದ ಫ್ರಿಜ್ ಅನಿವಾರ್ಯ. ಹುದುಗು ಮುಗಿಯುವ ಮುನ್ನವೇ ಬಾಟಲಿಗೆ ತುಂಬಿದರೆ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು.

ಹೆಚ್ಚಿನವರು ಕಡೆಗಣಿಸುವುದು ನೀರನ್ನು. ಬಿಯರಿನಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಅದೇ. ಜೆಕ್ ದೇಶದ ಪಿಲ್ಸೆನ್ ಊರಿನ ಮೆದುನೀರು ತಿಳಿಬಣ್ಣದ ಲಾಗರ್‌ಗೂ, ಡಬ್ಲಿನ್ನಿನ ಗಡಸುನೀರು ಕಪ್ಪು ಬಿಯರಿಗೂ ಒಗ್ಗಿತು. ಉಲ್ಲಾಳದಂಥ ಹೊರಬಡಾವಣೆಗಳಲ್ಲಿ ಕೊಳವೆಬಾವಿಯ ಗಡಸುನೀರು ಬಳಸುವ ಮನೆಗಳು ಕಡಿಮೆಯಿಲ್ಲ. ಅಂಥ ನೀರಿಗೆ ಹುರಿದ ಮಾಲ್ಟಿನ ಕಪ್ಪು ಬಿಯರೇ ಹೊಂದುತ್ತದೆ. ನಲ್ಲಿಯ ಕಾವೇರಿ ನೀರಾದರೆ ಕ್ಲೋರಿನ್ ಹೋಗುವಂತೆ ಮೊದಲೇ ಕುದಿಸಬೇಕು.

ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರ್ ತಯಾರಿಗೆ ಪರವಾನಗಿಯ ಅಗತ್ಯವನ್ನು ಕೈಬಿಟ್ಟಿತು. ಅಮೆರಿಕದಲ್ಲಿ 1978ರ ಕಾಯ್ದೆ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್‌ವರೆಗೆ ತೆರಿಗೆಯಿಲ್ಲದೆ ಅವಕಾಶ ನೀಡಿತು. ಅಲ್ಲಿನ ಹಲವು ಸಣ್ಣ ಬ್ರೂವರಿಗಳ ಸ್ಥಾಪಕರು ಅಡುಗೆಮನೆಯಲ್ಲೇ ಕಸುಬು ಕಲಿತವರು. ಕರ್ನಾಟಕದಲ್ಲಿ ಆ ಕಲಿಕೆಗೆ ಸದ್ಯ ಉಳಿದಿರುವುದು ಮೈಕ್ರೋಬ್ರೂವರಿಗಳ ಬಾಗಿಲು ಮಾತ್ರ.