ಸರ್ವರ್‌ನ ಮರೆವು, ಮೂರು ವಾರದ ಸಾಲ

ಕೊಡ್ಲಿಪೇಟೆಯ ಸುತ್ತಮುತ್ತ ಕಾಫಿ ಕೊಯ್ಲಿನ ಕಾಲ ಬಂತೆಂದರೆ ತೋಟದ ಉಗ್ರಾಣದಿಂದ ಖಾಲಿ ಚೀಲಗಳು ಹೊರಹೋಗುತ್ತವೆ. ದಿನಕ್ಕೆ ಎರಡು ಚೀಲ ಮರಳದಿದ್ದರೆ ಯಾರ ಕಣ್ಣಿಗೂ ಬೀಳದು. ಆದರೆ ಕೊಯ್ಲು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಉಗ್ರಾಣ ಬರಿದಾದೀತು. ಕಳ್ಳನಿಲ್ಲ, ಬರೀ ಮರೆವು!

'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತನ್ನು ಕಚೇರಿಯ ಕಿಟಕಿ ಮುಂದೆ ಕೇಳದವರು ವಿರಳ. ಅದಕ್ಕೆ ಕಾರಣ ಹಲವಿರಬಹುದು. ಅವುಗಳಲ್ಲೊಂದು ಈ ಚೀಲದ ಕಥೆಯೇ. ಕಂಪ್ಯೂಟರ್ ತಜ್ಞರು ಅದನ್ನು 'ಮೆಮೊರಿ ಲೀಕ್', ಅಂದರೆ ನೆನಪಿನ ಸೋರಿಕೆ ಎನ್ನುತ್ತಾರೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಮುಂದೆ ರಿಚಿ ರೂಪಿಸಿದ 'ಸಿ' ಭಾಷೆಯಲ್ಲಿ, ಕೇಳಿ ಪಡೆದ ನೆನಪಿನ ಜಾಗವನ್ನು ಮರಳಿಸುವ ಹೊಣೆ ಪ್ರೋಗ್ರಾಂ ಬರೆದವರದೇ. ಅವರು ಮರೆತರೂ, ಪ್ರೋಗ್ರಾಂ ಮುಗಿದೊಡನೆ ಯೂನಿಕ್ಸ್ ಆ ಜಾಗವನ್ನು ವಾಪಸು ಪಡೆಯುತ್ತದೆ. ತಿಂಗಳುಗಟ್ಟಲೆ ನಿಲ್ಲದೆ ಓಡುವ ಸರ್ವರ್‌ನಲ್ಲಿ ಮಾತ್ರ ಮರೆವು ಸಾಲದಂತೆ ಬೆಳೆಯುತ್ತದೆ. ಆರಿಸಿ ಮತ್ತೆ ಚಾಲೂ ಮಾಡಿದರೆ ಯಂತ್ರ ಸರಿಯಾಗುವುದು ಇದರಿಂದಲೇ. ರೋಗ ಅಡಗಿಕೊಳ್ಳುವುದೂ ಇದರಿಂದಲೇ.

ಯಂತ್ರ ಯಾವುದೇ ಇರಲಿ, ಈ ರೋಗ ಎಷ್ಟು ದುಬಾರಿಯೆಂದು ತೋರಿಸಿದ್ದು ಲಂಡನ್. 1992ರ ನವೆಂಬರ್ 4ರ ನಸುಕಿನಲ್ಲಿ ಅಲ್ಲಿನ ಆಂಬುಲೆನ್ಸ್ ಸೇವೆಯ ಕಂಪ್ಯೂಟರ್ ಮೊದಲು ನಿಧಾನವಾಯಿತು, ಬಳಿಕ ಸ್ತಬ್ಧವಾಯಿತು. ಸಿಬ್ಬಂದಿ ಮತ್ತೆ ಕಾಗದ, ಫೋನುಗಳ ಮೊರೆಹೋದರು. ಮೂರು ವಾರ ಹಿಂದೆ ಪ್ರೋಗ್ರಾಮರ್ ಒಬ್ಬರು ಉಳಿಸಿಹೋಗಿದ್ದ ತುಣುಕೊಂದು, ಪ್ರತಿ ಆಂಬುಲೆನ್ಸ್ ಕಳಿಸುವಾಗಲೂ ಚೂರು ನೆನಪನ್ನು ಹಿಡಿದಿಟ್ಟು ಬಿಡದೇ ಇದ್ದದ್ದು ತನಿಖೆಯಲ್ಲಿ ತಿಳಿಯಿತು.

ಹಾಗಾದರೆ ಸೋರಿಕೆಯ ಜಾಡು ಹಿಡಿಯುವುದು ಹೇಗೆ? ಯೂನಿಕ್ಸ್‌ನ 'ಪಿಎಸ್', 'ಟಾಪ್' ಆದೇಶಗಳಿಂದ ಪ್ರತಿ ಪ್ರೋಗ್ರಾಂ ಬಳಸುವ ನೆನಪನ್ನು ಗಂಟೆಗಂಟೆಗೆ ಬರೆದಿಡುವುದು ಮೊದಲ ಹೆಜ್ಜೆ. ಏರುತ್ತಲೇ ಹೋಗಿ ಇಳಿಯದೇ ಇರುವುದರ ಮೇಲೆ ಗುಮಾನಿ. ಆತುರ ಸಲ್ಲದು. ಲಿನಕ್ಸ್ ಬಿಡುವಿನ ನೆನಪಿನಲ್ಲಿ ಕಡತಗಳ ಪ್ರತಿ ಇಟ್ಟುಕೊಳ್ಳುತ್ತದೆ, ಅದು ಸೋರಿಕೆಯಲ್ಲ. ನೆನಪು ಪೂರ್ತಿ ಬರಿದಾದಾಗ ಅದು ಕೊಲ್ಲುವ ಪ್ರೋಗ್ರಾಂ ತಪ್ಪಿತಸ್ಥನೇ ಆಗಿರಬೇಕೆಂದಿಲ್ಲ.

ಮುಂದಿನ ಹೆಜ್ಜೆಗೆ ಉಪಕರಣ ಬೇಕು. 1991ರಲ್ಲಿ ಸ್ಥಾಪನೆಯಾದ 'ಪ್ಯೂರ್ ಸಾಫ್ಟ್‌ವೇರ್' ಕಂಪನಿ 'ಪ್ಯೂರಿಫೈ' ತಂದಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ರೀಡ್ ಹೇಸ್ಟಿಂಗ್ಸ್ ಮುಂದೆ ನೆಟ್‌ಫ್ಲಿಕ್ಸ್ ಕಟ್ಟಿದವರು. 2002ರಲ್ಲಿ ಜೂಲಿಯನ್ ಸೀವರ್ಡ್ ಅವರ 'ವ್ಯಾಲ್‌ಗ್ರಿಂಡ್' ಎಲ್ಲರಿಗೂ ಉಚಿತವಾಗಿ ದೊರೆಯಿತು. ಮರಳದ ಜಾಗವನ್ನು ಪ್ರೋಗ್ರಾಂನ ಯಾವ ಸಾಲು ಕೇಳಿ ಪಡೆದಿತ್ತೆಂದು ಇವು ತೋರಿಸುತ್ತವೆ.

ಉಗ್ರಾಣದ ಮೇಸ್ತ್ರಿಯ ಪುಸ್ತಕವೂ ಇದೇ ತಾನೆ? ಹೊಸ ಚೀಲ ತರಿಸಿದರೆ ನಾಳೆಯ ಕೆಲಸ ನಡೆದೀತು. ಹಳೆಯ ಚೀಲ ಒಯ್ದವರಾರು ಎಂದು ಪುಸ್ತಕ ತೆರೆದು ನೋಡುವವರೆಗೆ ಉಗ್ರಾಣ ಮತ್ತೆ ಬರಿದಾಗುವುದು ತಪ್ಪದು.